ಹತ್ತೊಂಬತ್ತು ಚೂರು

ಊದಬಾರದಿತ್ತು. ಐವತ್ತು ವರ್ಷ ತುಪ್ಪಳದ ನಡುವೆಯೇ ಕಳೆದ ಬಾಯಿ ಮನಸ್ಸಿನ ಅಪ್ಪಣೆಗೆ ಕಾಯುವುದಿಲ್ಲ, ಅಷ್ಟೇ. ಮಾಲಾಮಾ ಒಳಗೆ ಬಂದವಳೇ ಕೋಟು ಕಳಚಿ ಬಾಗಿಲ ಹಿಂದಿನ ಗೂಟಕ್ಕೆ ಸಿಕ್ಕಿಸಿ, "ಹಾಗೆ ನೋಡ್ಬೇಡ ನೌನಾ, ಅದು ನಕಲಿ. ನಾನು ಹೆಣ ಹೊದ್ಕೊಂಡು ತಿರುಗೋಳಲ್ಲ" ಎಂದು ನಗುತ್ತ ಕೈ ತೊಳೆಯಲು ಹೋಗಿದ್ದಳು. ಕೋಟಿನ ಟೋಪಿಯ ಅಂಚಿಗೆ ಬೂದು ತುಪ್ಪಳದ ಪಟ್ಟಿಯೊಂದಿತ್ತು. ಥೊಮಾಯಿ ಅದನ್ನು ಎರಡು ಬೆರಳಲ್ಲಿ ಎತ್ತಿ ತುಟಿ ಚೂಪು ಮಾಡಿ ಊದಿದಳು. ನಕಲಿಯಾಗಿದ್ದರೆ ಕೂದಲು ಅತ್ತಿತ್ತ ಬಾಗಿ ಕೆಳಗೆ ಬಟ್ಟೆಯ ನೇಯ್ಗೆ ಕಾಣಬೇಕಿತ್ತು. ಹಾಗಾಗಲಿಲ್ಲ. ಉದ್ದನೆಯ ಮೇಲ್ಗೂದಲು ಸುತ್ತಲೂ ಸರಿಯಿತು, ಅದರಡಿಯ ಮೆತ್ತನೆಯ ಒಳತುಪ್ಪಳ ಸರಿಯಿತು, ತಳದಲ್ಲಿ ಬೆಳ್ಳಗೆ ತೊಗಲು ಕಂಡಿತು. ನರಿ. ಸಾಕಿದ ನರಿ, ಚಳಿಗಾಲದ್ದು. ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು, ಆದರೆ ಅವಳು ಇನ್ನೊಮ್ಮೆ ಊದಿದಳು. ತೊಗಲಿನ ಮೇಲೆ ಎರಡು ಚೂರು ಸೇರುವ ಗೆರೆ ಕಾಣಿಸಿತು. ಹಲ್ಲುಹಲ್ಲಾಗಿ ಕತ್ತರಿಸಿ ಒಂದರೊಳಗೊಂದು ಕೂರಿಸಿದ ಗೆರೆ, ಆ ಹಲ್ಲುಗಳು ಎಡಕ್ಕೆ ವಾಲಿದ್ದವು. ತುಪ್ಪಳದ ಕಸುಬಿಗೆ ಹೆಸರಾದ ಈ ಕಸ್ತೋರಿಯಾ ಊರಿನಲ್ಲಿ ಎಡಗೈಯಲ್ಲಿ ಚಾಕು ಹಿಡಿದವರು ಇಬ್ಬರೇ. ಒಬ್ಬ ಸತ್ತು ಒಂಬತ್ತು ವರ್ಷವಾಗಿತ್ತು. ಇನ್ನೊಬ್ಬಳು ಇಲ್ಲಿ ಬಾಗಿಲ ಹಿಂದೆ ನಿಂತಿದ್ದಳು.

ಬಚ್ಚಲಲ್ಲಿ ನೀರು ಸುರಿಯುತ್ತಿತ್ತು. ಹುಡುಗಿ ಏನೋ ಗುನುಗುತ್ತಿದ್ದಳು. ಮೂವತ್ತೊಂದು ವರ್ಷದ ಹಿಂದೆ ಮೈಗೆಲ್ಲ ಎಣ್ಣೆ ಹಚ್ಚಿ ಪಾದ್ರಿ ಮೂರು ಸಲ ನೀರಲ್ಲಿ ಮುಳುಗಿಸಿದ ಈ ಕೂಸನ್ನು ಬಿಳಿ ಬಟ್ಟೆಯಲ್ಲಿ ಎತ್ತಿಕೊಂಡು ಮಾಲಾಮಾ ಎಂದು ಹೆಸರಿಟ್ಟವಳು ಥೊಮಾಯಿಯೇ. ಹೆಸರಿಟ್ಟ ತಾಯಿಯನ್ನು ನೌನಾ ಎನ್ನುತ್ತಾರೆ. ಮದುವೆಯಾಗದ, ಸ್ವಂತದ್ದೆಂದು ಯಾವ ಕೂಸನ್ನೂ ಎತ್ತಿಕೊಳ್ಳದ ಥೊಮಾಯಿಗೆ ಆ ಒಂದು ಪದವೇ ಸಂಸಾರವಾಗಿತ್ತು. ಹಾಗಿದ್ದೂ ಹೋದ ವರ್ಷ ಎಂಟು ತಿಂಗಳು ಇಬ್ಬರಿಗೂ ಮಾತಿರಲಿಲ್ಲ. ಇವತ್ತು ಬಂದಿದ್ದಾಳೆ, ತಾನಾಗಿ ಬಂದಿದ್ದಾಳೆ, ಏನೋ ಕೇಳಬೇಕು ಎಂದು ಫೋನಿನಲ್ಲೇ ಹೇಳಿದ್ದಳು. ಏನೆಂದು ಥೊಮಾಯಿಗೆ ಗೊತ್ತಿಲ್ಲದೆ ಇರಲಿಲ್ಲ. ಸೆಪ್ಟೆಂಬರಿಗೆ ಮದುವೆ. ಮದುವೆಯಲ್ಲಿ ಗಂಡುಹೆಣ್ಣಿನ ತಲೆಯ ಮೇಲಿನ ಕಿರೀಟಗಳನ್ನು ಮೂರು ಸಲ ಅದಲುಬದಲು ಮಾಡುವ ಕೈ ಹೆಸರಿಟ್ಟ ತಾಯಿಯದು. ಮಾಡಿಸಿದರೆ ಜನ್ಮ ಪೂರ್ತಿ ಬಂಧ, ಬೇರೆಯವರ ಕೈಯಲ್ಲಿ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುವ ಹಾಗೆ ಬಾಗಿಲು ಮುಚ್ಚಿದಂತೆ. ಅವಳು ಪಟ್ಟಿಯನ್ನು ಬಿಟ್ಟು, ಕೂದಲನ್ನು ಅಂಗೈಯಿಂದ ಸವರಿ ಸಾಪು ಮಾಡಿ, ಅಡುಗೆ ಮೂಲೆಗೆ ಹೋಗಿ ಒಲೆಯ ಮೇಲಿನ ಅವರೆಯ ಪಾತ್ರೆಯ ಮುಚ್ಚಳ ತೆಗೆದಳು.

ಕೊಲ್ಲುವುದರ ಬಗ್ಗೆ ಥೊಮಾಯಿಗೆ ಎಂದೂ ಗೊಂದಲವಿರಲಿಲ್ಲ. ಪ್ರಾಣಿ ಸಾಯುತ್ತದೆ, ಮನುಷ್ಯ ತಿನ್ನುತ್ತಾನೆ, ಹೊದೆಯುತ್ತಾನೆ, ಕಾಲಿಗೆ ಮೆಟ್ಟುತ್ತಾನೆ. ಮಣ್ಣಿಗೆ ಹೋಗುವುದನ್ನು ನೂರು ವರ್ಷ ಬಾಳುವ ಹಾಗೆ ಮಾಡಿದರೆ ಅದರಲ್ಲಿ ಪಾಪವೆಲ್ಲಿ ಬಂತು ಎಂದು ಅವಳು ಯಾರಿಗೆ ಬೇಕಾದರೂ ಕೇಳುತ್ತಿದ್ದಳು, ಉತ್ತರಕ್ಕೆ ಕಾಯುತ್ತಿರಲಿಲ್ಲ. ಅದರಲ್ಲೂ ಅವಳ ಕೆಲಸ ಚೂರಿನದು. ಇಡೀ ತೊಗಲು ಹೊಲಿಯುವುದನ್ನು ಯಾವ ದೇಶದ ಯಾವ ದರ್ಜಿಯೂ ಕಲಿತಾನು. ಬೇರೆ ದೇಶದವರು ಕೋಟು ಹೊಲಿದು ಕಸಕ್ಕೆಸೆದ ಪಾದ, ಕುತ್ತಿಗೆ, ಬಾಲದ ಬುಡ, ಹೊಟ್ಟೆಯ ಅಂಚುಗಳನ್ನು ಮೂಟೆಗಟ್ಟಲೆ ತರಿಸಿಕೊಂಡು, ಬಣ್ಣಕ್ಕೆ ಬಣ್ಣ, ಕೂದಲ ಓಟಕ್ಕೆ ಓಟ ಹೊಂದಿಸಿ, ಮತ್ತೆ ಕೋಟಾಗಿಸುವುದು ಈ ಊರಿನವರಿಗೆ ಮಾತ್ರ ಬರುವ ವಿದ್ಯೆ. ಹದಿಮೂರಕ್ಕೆ ಹೊಲಿಗೆಗೆ ಕೂತವಳು ಅವಳು. ಚಾಕು ಗಂಡಸರದು, ಹೆಂಗಸರಿಗೆ ಸೂಜಿ ಮಾತ್ರ ಎಂಬ ಕಾಲದಲ್ಲಿ ಪಾಂಡೆಲಿಸ್ ಮೇಸ್ತ್ರಿ ಊಟಕ್ಕೆ ಹೋದಾಗ ಅವನ ಚಾಕು ಎತ್ತಿ ಎಡಗೈಯಲ್ಲಿ ಒಂದು ಸಾಲು ಹಲ್ಲು ಕತ್ತರಿಸಿ ಇಟ್ಟಿದ್ದಳು. ಮೇಸ್ತ್ರಿ ಬಂದು ನೋಡಿ, "ಯಾವ ದರಿದ್ರದವನು ನನ್ನ ಹಾಗೆ ಎಡಗೈಯಲ್ಲಿ ಕೊಯ್ದಿದ್ದು?" ಎಂದ. ನಾನೇ ಎಂದಳು. ಕಪಾಳಕ್ಕೆ ಒಂದು ಬಿತ್ತು, ಮರುದಿನ ಅವಳದೇ ಆದ ಒಂದು ಚಾಕು ಸಿಕ್ಕಿತು. ಅಂದಿನಿಂದ ಯಾರ ಮುಂದೆಯೂ ತಲೆ ತಗ್ಗಿಸಿದ ನೆನಪಿಲ್ಲ ಅವಳಿಗೆ, ಹೋದ ವರ್ಷ ಮಾಲಾಮಾಳ ಹೆಸರಿನ ಹಬ್ಬದ, ಅಂದರೆ ಅವಳ ಹೆಸರಿನ ಸಂತರ ದಿನದ, ಹೊರತು.

"ಎಂಥ ಪರಿಮಳ ನೌನಾ." ಮಾಲಾಮಾ ಕೈ ಒರೆಸಿಕೊಳ್ಳುತ್ತ ಬಂದು ಪಾತ್ರೆಯೊಳಗೆ ಇಣುಕಿದಳು. "ಎಣ್ಣೆ ಹಾಕಿದ್ದೀಯಾ?"

"ಇವತ್ತು ಉಪವಾಸ. ನಾಳೆ ಹಬ್ಬ, ಎಣ್ಣೆ ನಾಳೆ. ಕೂತ್ಕೋ. ಸೊರಗಿದ್ದೀಯ, ಆ ಹುಡುಗ ಬರೀ ಸೊಪ್ಪು ತಿನ್ನಿಸ್ತಾನಾ?"

"ಆರ್ಗೀರಿಸ್‌ಗೆ ನಿನ್ನ ಅವರೆ ಅಂದ್ರೆ ಆಸೆ. ನೋಡು, ನೀವೆಲ್ಲ ವರ್ಷದ ಅರ್ಧದಷ್ಟು ದಿನ ಮಾಂಸ, ಹಾಲು ಬಿಟ್ಟು ಮಾಡೋ ಉಪವಾಸಾನ ಅವನು ವರ್ಷ ಪೂರ್ತಿ ಮಾಡ್ತಾನೆ, ಅಷ್ಟೇ ವ್ಯತ್ಯಾಸ."

"ನಾವು ದೇವರಿಗೆ ಮಾಡ್ತೀವಿ. ಅವನು ಯಾರಿಗೆ ಮಾಡ್ತಾನೆ?"

"ಕೋಳಿಗೆ" ಎಂದಳು ಮಾಲಾಮಾ. ಇಬ್ಬರೂ ನಕ್ಕರು. ನಗುವಾಗ ಹುಡುಗಿಯ ಮೂಗು ಇವತ್ತಿಗೂ ಕೂಸಿನದರಂತೆ ಸುಕ್ಕುಗಟ್ಟುತ್ತಿತ್ತು. ಥೊಮಾಯಿ ಕಣ್ಣು ತಪ್ಪಿಸಿ ರೊಟ್ಟಿ ಮುರಿದಳು. ಕೆಳಗೆ ಕೆರೆಯ ದಂಡೆಯ ಕಡೆ ಯಾರೋ ಕಹಳೆ ಊದಿ ಅಭ್ಯಾಸ ಮಾಡುತ್ತಿದ್ದರು. ನಾಳೆ ಸಂಜೆಯಿಂದ ಮೂರು ದಿನ ಊರಿಗೆ ಊರೇ ವೇಷ ಹಾಕಿ ಕುಣಿಯುವುದು, ಅಜ್ಜಿಯರ ಪೆಟ್ಟಿಗೆಯ ಹಳೆಯ ಕೋಟುಗಳೆಲ್ಲ ಬೀದಿಗೆ ಬರುವುದು. ಆ ಕೋಟುಗಳಲ್ಲಿ ಅರ್ಧಕ್ಕರ್ಧ ಥೊಮಾಯಿ ನೋಡಿದೊಡನೆ ಯಾರ ಹೊಲಿಗೆ ಎಂದು ಹೇಳಬಲ್ಲಳು. ಹೋದ ವರ್ಷದ ಆ ಹೆಸರಿನ ಹಬ್ಬದ ದಿನ ಮಾಲಾಮಾಗೆಂದು ಅವಳು ತೆಗೆದಿಟ್ಟ ಕೋಟೂ ಇಂಥ ಚೂರಿನದೇ, ಎರಡು ಚಳಿಗಾಲ ಹಿಡಿದಿತ್ತು, ಬರೀ ಮಿಂಕ್ ಎಂಬ ಸಣ್ಣ ಪ್ರಾಣಿಯ ಪಾದಗಳದು, ಬೆನ್ನಿನ ಮೇಲೆ ಬೆಳಕು ಬಿದ್ದರೆ ನೀರು ಹರಿದ ಹಾಗೆ ಕಾಣುತ್ತಿತ್ತು. ನೆಂಟರೆಲ್ಲ ಮೇಜಿನ ಸುತ್ತ ಕೂತಿದ್ದರು. ಹುಡುಗಿ ಕೋಟನ್ನು ಮುಟ್ಟಲೂ ಇಲ್ಲ. "ನೌನಾ, ಎಷ್ಟು ಜೀವ ಹೋಗಿದೆ ಇದರಲ್ಲಿ?" ಎಂದಳು, ಗಟ್ಟಿಯಾಗಿ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ. ಅದೇ ಹೆಚ್ಚು ಉರಿದದ್ದು. ಥೊಮಾಯಿ ತಕ್ಷಣ, "ನಿನ್ನ ಕಾಲಿನ ಬೂಟು ಏನು ಮರದಲ್ಲಿ ಬಿಟ್ಟಿದ್ದಾ?" ಎಂದಿದ್ದಳು. ನೆಂಟರು ನಕ್ಕರು. ಮಾಲಾಮಾಳ ಕಿವಿ ಕೆಂಪಾದವು. ಗೆದ್ದೆನೆಂದುಕೊಂಡ ಥೊಮಾಯಿ ಅವತ್ತು ರಾತ್ರಿ ಆ ಕೋಟನ್ನು ಮಡಿಸುವಾಗ ತಲೆ ತಗ್ಗಿಸಿಯೇ ಮಡಿಸಿದ್ದಳು. ಮುಂದಿನ ಬಾರಿ ಊರಿಗೆ ಬಂದಾಗ ಹುಡುಗಿಯ ಕಾಲಲ್ಲಿ ಬಟ್ಟೆಯ ಬೂಟು ಇತ್ತು ಎಂದು ಯಾರೋ ಹೇಳಿದರು. ತನ್ನ ಮನೆಗೆ ಬಂದಿರಲಿಲ್ಲ.

ಅದಾದ ಮೇಲೆಯೇ ನಾವುಮ್ ಬಂದದ್ದು. ನಾವುಮ್ ವ್ಯಾಪಾರಿ, ಬೆರಳು ತೋರಿಸಿದರೆ ಹಸ್ತ ನುಂಗುವವನು ಎಂದು ಊರೆಲ್ಲ ಅವನನ್ನು ಬಯ್ಯುತ್ತ ಅವನಿಂದಲೇ ಕೆಲಸ ತೆಗೆದುಕೊಳ್ಳುತ್ತಿತ್ತು. ಉತ್ತರದ ದೇಶಗಳ ಗಿರಾಕಿಗಳು ಬರುವುದು ನಿಂತು, ಕೆರೆಯ ರಸ್ತೆಯ ಅಂಗಡಿಗಳು ಒಂದೊಂದಾಗಿ ಕಾಗದ ಅಂಟಿಸಿಕೊಂಡು ಮುಚ್ಚಿದ್ದ ಕಾಲ. ಮೂಟೆ ನರಿಚೂರು ತಂದು ಸುರಿದು, ಟೋಪಿಯ ಅಂಚಿಗೆ ಪಟ್ಟಿ ಬೇಕು ಎಂದ. ಜೊತೆಗೆ ಒಂದು ಚೀಲದಲ್ಲಿ ರೇಷಿಮೆಯಂಥ ಬಟ್ಟೆಯ ಪುಟ್ಟ ಚೀಟಿಗಳು. ಅದರ ಮೇಲೆ ನಗುವ ನರಿಮರಿಯ ಚಿತ್ರ, ಕೆಳಗೆ "ಕೃತಕ ತುಪ್ಪಳ, ಯಾವ ಪ್ರಾಣಿಗೂ ನೋವಾಗಿಲ್ಲ" ಎಂಬ ಬರಹ. ಥೊಮಾಯಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದೇನು ನಾವುಮ್, ಇದು ನರಿ." "ನರಿ ಅಂದ್ರೆ ಯಾರೂ ಕೊಳ್ಳಲ್ಲ. ನಕಲಿ ಅಂದ್ರೆ ಕೇಳಿದಷ್ಟು ಕೊಡ್ತಾರೆ. ಒಳ್ಳೇ ನಕಲಿ ತರಿಸೋಕೆ ಆಗೋ ಖರ್ಚು ಕೇಳಿದ್ರೆ ನೀನು ಬಿದ್ದು ಹೋಗ್ತೀಯ, ಈ ಚೂರು ಬಿಟ್ಟಿ. ಹೊಲಿ ಥೊಮಾಯಿ. ದೇಶದ ನೀತಿವಂತರಿಗೆಲ್ಲ ನರಿ ತೊಡಿಸೋಣ." ಅವಳು ನಕ್ಕಳು. ಒಮ್ಮೆ ನಕ್ಕು ಸುಮ್ಮನಾಗಿದ್ದರೆ ಹೊಟ್ಟೆಪಾಡು ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಆ ಶರತ್ಕಾಲ ಪೂರ್ತಿ ಪ್ರತಿ ಪಟ್ಟಿಗೆ ಚೀಟಿ ಹೊಲಿಯುವಾಗಲೂ ಅವಳ ಎದೆಯೊಳಗೆ ಒಂದು ಹಿಗ್ಗು ಎದ್ದು ಕೂರುತ್ತಿತ್ತು. ಹೆಣವೇ? ಹೊದ್ದುಕೊಳ್ಳಿ. ಎಷ್ಟು ಜೀವ ಎಂದು ಕೇಳುವವರೆಲ್ಲ ಕಿವಿಯ ತನಕ ಎಳೆದುಕೊಂಡು ಬೆಚ್ಚಗಿರಿ. ಹಾಗೆ ಹೊಲಿಯುವಾಗ ಕಣ್ಣ ಮುಂದೆ ಬರುತ್ತಿದ್ದ ಮುಖ ಯಾರದೆಂದು ಅವಳಿಗೆ ಗೊತ್ತಿತ್ತು. ಆ ಮುಖ ಈಗ ಮೇಜಿನ ಆಚೆ ಕೂತು ಅವರೆಯ ರಸಕ್ಕೆ ರೊಟ್ಟಿ ಅದ್ದುತ್ತಿತ್ತು.

"ಯಾಕೆ ಮಾತೇ ಇಲ್ಲ? ಹೊಟ್ಟೆನೋವಾ?" ಮಾಲಾಮಾ ಕೇಳಿದಳು. "ನೀನು ಸುಮ್ನೆ ಇದ್ರೆ ನಂಗೆ ಭಯ ಆಗುತ್ತೆ. ಸರಿ, ನಾನೇ ಹೇಳ್ತೀನಿ. ಹೋದ ವರ್ಷದ್ದು ಹೋಯ್ತು. ನಾನು ಎಲ್ಲರ ಮುಂದೆ ಕೇಳಬಾರದಿತ್ತು."

"ನಾನು ಎಲ್ಲರ ಮುಂದೆ ಉತ್ತರ ಕೊಡಬಾರದಿತ್ತು."

"ಅಬ್ಬಾ. ಕ್ಯಾಲೆಂಡರಿನಲ್ಲಿ ಗುರುತು ಹಾಕ್ಕೋತೀನಿ." ಅವಳು ಕೈ ಚಾಚಿ ಥೊಮಾಯಿಯ ಎಡಗೈಯನ್ನು, ಐವತ್ತು ವರ್ಷದ ಚಾಕು ಹೆಬ್ಬೆರಳಿನ ಬುಡದಲ್ಲಿ ಗಂಟು ಬರಿಸಿದ ಆ ಕೈಯನ್ನು, ಹಿಡಿದುಕೊಂಡಳು. "ಸೆಪ್ಟೆಂಬರ್ ಹನ್ನೆರಡು. ನಮ್ಮ ತಲೆ ಮೇಲಿನ ಕಿರೀಟ ಬದಲಿಸೋದು ಈ ಕೈಯೇ. ಬೇರೆ ಯಾರೂ ಬೇಡ ಅಂತ ಆರ್ಗೀರಿಸ್‌ಗೂ ಹೇಳಿದ್ದೀನಿ. ಅವರಮ್ಮನಿಗೆ ಅವನ ಚಿಕ್ಕಪ್ಪ ಮಾಡ್ಲಿ ಅಂತ ಇತ್ತು. ನಾನು ಬಿಡಲಿಲ್ಲ. ಒಂದೇ ಒಂದು ಷರತ್ತು."

"ಏನು?"

"ಚರ್ಚಿಗೆ ತುಪ್ಪಳ ಹಾಕ್ಕೊಂಡು ಬರಬಾರದು."

"ಸೆಪ್ಟೆಂಬರಿನಲ್ಲಿ ತುಪ್ಪಳ ಯಾರು ಹಾಕ್ತಾರೆ, ಕತ್ತೆ?"

"ನೀನು ಆಗಸ್ಟಿನಲ್ಲೂ ಹಾಕ್ಕೊಂಡು ಬಂದವಳು."

ಆಗಸ್ಟಿನಲ್ಲಿ ಹಾಕಿದ್ದು ನಿಜ, ಹಡಗಿನ ಮೇಲೆ ಗಾಳಿ ಇದೆ ಎಂದು. ನಗಬೇಕಿತ್ತು. ಥೊಮಾಯಿ ಬಾಗಿಲ ಹಿಂದಿನ ಗೂಟದತ್ತ ನೋಡಿದಳು. ಬೇಕಾದದ್ದು ಬಂದಿದೆ, ಕೈಯಲ್ಲೇ ಇದೆ, ಹೂಂ ಎಂದರೆ ಮುಗಿಯಿತು. ಕೋಟು ಗೂಟದಲ್ಲಿರಲಿ. ಸಂಜೆ ಹಾಕಿಕೊಂಡು ಹೋಗಲಿ. ನಾಲ್ಕು ವರ್ಷ ಹಾಕಿಕೊಂಡು ಸವೆಸಲಿ, ಯಾರಿಗೆ ನಷ್ಟ? ನರಿಗಲ್ಲ, ಅದು ಸತ್ತಾಗಿದೆ. ಹುಡುಗಿಗಲ್ಲ, ಅವಳ ಕಿವಿ ಬೆಚ್ಚಗಿದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದರೆ ಇದೇ ದಾರಿ. ಬೇಕಿದ್ದರೆ ಆ ಪಟ್ಟಿ ಸಡಿಲವಾಗಿದೆ, ಹೊಲಿದು ಕೊಡುತ್ತೇನೆ ಎಂದು ಇಟ್ಟುಕೊಂಡು, ನಿಜವಾದ ನಕಲಿಯೊಂದನ್ನು ಎಲ್ಲಿಂದಲಾದರೂ ತಂದು ಹಾಕಿ ಕಳಿಸಬಹುದು. ಆ ಉಪಾಯ ಹೊಳೆದಾಗ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಅವಳ ತಾಯಿ ಒಮ್ಮೆ ಹೀಗೆಯೇ ಮಾಡಿದ್ದಳು. ಈಸ್ಟರಿನ ಮುಂಚಿನ ನಲವತ್ತು ದಿನದ ಉಪವಾಸದ ಕೊನೆಯಲ್ಲಿ, ಪಕ್ಕದ ಮನೆಯ ಮುದುಕಿ ಬಿದ್ದು ಕಾಲಿಗೆ ಪೆಟ್ಟಾಗಿ ಏಳಲಾರದೆ ಮಲಗಿದ್ದಾಗ, ಸೊಪ್ಪಿನ ಪದರರೊಟ್ಟಿ ಮಾಡಿ ಕಳಿಸಿದಳು, ಬರೀ ಎಳ್ಳೆಣ್ಣೆಯದು ಎಂದು. ಹಿಟ್ಟಿಗೆ ಹಂದಿಯ ಕೊಬ್ಬು ಬೆರೆಸಿದ್ದಳು. ಶಕ್ತಿ ಬರಲಿ ಎಂದೋ, ವರ್ಷಗಟ್ಟಲೆ ನೀತಿ ಹೇಳಿದ ಬಾಯಿಗೆ ಒಂದು ಸಲ ಬೀಳಲಿ ಎಂದೋ, ಥೊಮಾಯಿಗೆ ಇವತ್ತಿಗೂ ತಿಳಿಯದು. ತಟ್ಟೆ ಹೊತ್ತು ಹೋದವಳು ಅವಳೇ, ಏಳು ವರ್ಷದವಳು. ಮುದುಕಿ ಎರಡು ತುತ್ತು ತಿಂದು, ನಾಲಿಗೆಯ ಮೇಲೆ ರುಚಿ ಕೂತದ್ದೇ ತಡ, ಉಳಿದದ್ದನ್ನು ಪಕ್ಕಕ್ಕಿಟ್ಟಳು. ಬಯ್ಯಲಿಲ್ಲ. "ನಿಮ್ಮಮ್ಮನಿಗೆ ಹೇಳು ಮಗು, ನಾನು ತಿಂದದ್ದು ನನ್ನ ಪಾಪ ಅಲ್ಲ, ಬಡಿಸಿದವಳದ್ದು. ಆದ್ರೆ ನಲವತ್ತು ದಿನ ಕಾಪಾಡ್ಕೊಂಡಿದ್ದು ನಂದು, ಅದನ್ನ ಅವಳು ತಗೊಂಡ್ಳು" ಎಂದಳು. ತಾಯಿಗೆ ಅದನ್ನು ಹೇಳಲಿಲ್ಲ ಥೊಮಾಯಿ. ಚೆನ್ನಾಗಿತ್ತಂತೆ ಎಂದಳು.

"ಮಗಳೇ, ನಿನ್ನ ಕೋಟಿನ ಪಟ್ಟಿ ನಕಲಿ ಅಲ್ಲ" ಎಂದಳು ಥೊಮಾಯಿ.

ಮಾಲಾಮಾ ಕೈ ಬಿಡಲಿಲ್ಲ. ಮುಖದ ನಗು ಮಾತ್ರ ಅರ್ಧಕ್ಕೆ ನಿಂತಿತು. "ಶುರು ಮಾಡ್ಬೇಡ ನೌನಾ."

"ನರಿ ಅದು."

"ಚೀಟಿ ಇದೆ ಅದರ ಮೇಲೆ. ಅಂಗಡಿಯವಳನ್ನ ಮೂರು ಸಲ ಕೇಳಿ ತಗೊಂಡಿದ್ದೀನಿ. ನಿಂಗೆ ಎಲ್ಲರೂ ನಿನ್ನ ಹಾಗೇ ಇರಬೇಕು ಅಲ್ವಾ? ನಾನು ಸೋತು ಬಂದೆ, ಕ್ಷಮೆ ಕೇಳ್ದೆ, ಅದೂ ಸಾಲ್ದು. ನೀನೂ ಹೊದ್ಕೊಂಡಿದ್ದೀಯ ನೋಡು ಅಂತ ಅನ್ನಿಸ್ಕೋಬೇಕು."

ಬೇರೆ ದಿನವಾಗಿದ್ದರೆ ಈ ಮಾತಿಗೆ ಮೂರು ಉತ್ತರ ಸಿದ್ಧವಿರುತ್ತಿದ್ದವು. ಥೊಮಾಯಿ ಎದ್ದು ಕೋಟನ್ನು ತಂದು, ಪಟ್ಟಿಯಿಂದ ನಾಲ್ಕೇ ಕೂದಲು ಕಿತ್ತು, ಒಲೆ ಹಚ್ಚಿ ಉರಿಗೆ ಹಿಡಿದಳು. ನಕಲಿ ಕರಗಿ ಮಣಿಯಾಗುತ್ತದೆ. ಇದು ಚುರುಗುಟ್ಟಿ ಬೂದಿಯಾಯಿತು, ತಲೆಗೂದಲು ಸುಟ್ಟ ವಾಸನೆ ಅವರೆಯ ವಾಸನೆಯನ್ನು ಮುಚ್ಚಿ ಅಡುಗೆ ಮೂಲೆಯನ್ನೆಲ್ಲ ತುಂಬಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಮಾಲಾಮಾ ಕೂತಲ್ಲೇ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. ತನ್ನ ಕತ್ತನ್ನು, ಕಿವಿಯ ಹಿಂಭಾಗವನ್ನು ಎರಡೂ ಅಂಗೈಯಿಂದ ಉಜ್ಜಿಕೊಂಡಳು, ಆಮೇಲೆ ಅಂಗೈಗಳನ್ನು ಲಂಗಕ್ಕೆ ಉಜ್ಜಿದಳು. ಥೊಮಾಯಿಗೆ ನೋಡಲಾಗಲಿಲ್ಲ. ಕೋಳಿಯ ಕರುಳು ಮುಟ್ಟಿದರೂ ಮುಖ ಸಿಂಡರಿಸದೆ ಬೆಳೆದ ಹುಡುಗಿ ಅವಳು, ಇದು ಅಸಹ್ಯವಲ್ಲ. ಯಾರೋ ತನ್ನ ಮೈಯನ್ನು ತನ್ನನ್ನು ಕೇಳದೆ ಬಳಸಿಕೊಂಡರು ಎಂದು ತಿಳಿದಾಗ ಆಗುವಂಥದ್ದು.

"ಎರಡು ತಿಂಗಳು" ಎಂದಳು ಮಾಲಾಮಾ. "ಎರಡು ತಿಂಗಳಿಂದ ಇದರಲ್ಲಿ ಮುಖ ಇಟ್ಕೊಂಡು ಬಸ್ಸಿನಲ್ಲಿ ನಿದ್ದೆ ಮಾಡಿದ್ದೀನಿ." ತುಸು ಹೊತ್ತಿನ ಮೇಲೆ, "ಮುಟ್ಟಿದ ತಕ್ಷಣ ಹೇಗೆ ಗೊತ್ತಾಯ್ತು ನಿಂಗೆ?"

ಇಲ್ಲಿ ನಿಲ್ಲಿಸಬಹುದಿತ್ತು. ಐವತ್ತು ವರ್ಷದ ಅನುಭವ ಎಂದರೆ ನಂಬುತ್ತಿದ್ದಳು, ಮೆಚ್ಚುತ್ತಲೂ ಇದ್ದಳೇನೋ. ಇಬ್ಬರೂ ಸೇರಿ ಆ ಅಂಗಡಿಯವಳನ್ನು ಬಯ್ಯುತ್ತ ಸಂಜೆ ಕಳೆಯಬಹುದಿತ್ತು. "ಅದು ನನ್ನ ಹೊಲಿಗೆ" ಎಂದಳು ಥೊಮಾಯಿ. "ಚೀಟೀನೂ ನಾನೇ ಹೊಲ್ದಿದ್ದು."

"ಏನು ಬರೆದಿದೆ ಅಂತ ಓದ್ಕೊಂಡು?"

"ಓದ್ಕೊಂಡು."

"ಕೆಲಸ ಇರಲಿಲ್ಲ ಅಂತ." ಮಾಲಾಮಾ ಅದನ್ನು ಪ್ರಶ್ನೆಯಾಗಿ ಕೇಳಲಿಲ್ಲ, ನೌನಾಳಿಗೆ ಕುರ್ಚಿ ಎಳೆದುಕೊಟ್ಟಂತೆ ತಾನೇ ಒಂದು ನೆಪ ಮುಂದಿಟ್ಟಳು. ಥೊಮಾಯಿ ಆ ಕುರ್ಚಿಯಲ್ಲಿ ಕೂರಲಿಲ್ಲ.

"ಕೆಲಸ ಇರಲಿಲ್ಲ, ನಿಜ. ಆದ್ರೆ ಇಷ್ಟಪಟ್ಟೇ ಹೊಲ್ದೆ. ನಗ್ತಾ ಹೊಲ್ದೆ. ನೀನು ಎಲ್ಲರೆದುರು ನನ್ನ ಕೋಟು ಮುಟ್ಟಲಿಲ್ಲ. ನಿನ್ನಂಥವರಿಗೆಲ್ಲ ಹೀಗೇ ಆಗ್ಬೇಕು ಅಂತ."

ಬೀದಿಯಲ್ಲಿ ಯಾರೋ ಯಾರನ್ನೋ ಹೆಸರು ಹಿಡಿದು ಕೂಗಿದರು. ಮಾಲಾಮಾ ಅಳುತ್ತಾಳೆಂದುಕೊಂಡಿದ್ದಳು ಥೊಮಾಯಿ, ಅಳಲಿಲ್ಲ. ಕೋಟನ್ನು ಮೇಜಿನ ಮೇಲೆ ಹರಡಿ, ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, "ಬಿಚ್ಚು ಅದನ್ನ" ಎಂದಳು. ಥೊಮಾಯಿ ಕಿಟಕಿಯ ಪಕ್ಕದ ಕೆಲಸದ ಮೇಜಿನಿಂದ ಚಾಕು ತಂದಳು. ಎಳೆ ಒಂದೊಂದಾಗಿ ಕಡಿದು ಪಟ್ಟಿಯನ್ನು ಟೋಪಿಯಿಂದ ಬೇರೆ ಮಾಡಲು ಎರಡು ನಿಮಿಷವೂ ಹಿಡಿಯಲಿಲ್ಲ. ಒಳಬದಿಯ ಅಸ್ತರನ್ನು ಸೀಳಿ, ಪಟ್ಟಿಯನ್ನು ತೊಗಲಿನ ಬದಿ ಮೇಲಾಗಿ ಹಾಸಿದಳು. ಕೂದಲ ಬದಿಯಿಂದ ನೋಡಿದರೆ ಒಂದೇ ನರಿಯ ಬಾಲದ ಹಾಗೆ ಅಖಂಡವಾಗಿದ್ದದ್ದು ಈ ಬದಿಯಿಂದ ಹೊಲಿಗೆಯ ಮೇಲೆ ಹೊಲಿಗೆ, ನಾಡಿನ ನಕ್ಷೆಯ ಹಾಗೆ ಗೆರೆಗೆರೆ. ಒಳ್ಳೆಯ ಕೆಲಸ. ಈ ಹೊತ್ತಿನಲ್ಲೂ ಅವಳ ಕಣ್ಣು ಅದನ್ನು ಕಂಡಿತು, ಕಂಡು ಹೆಮ್ಮೆಪಟ್ಟಿತು.

"ಎಷ್ಟು ಚೂರು?"

"ಹತ್ತೊಂಬತ್ತು."

"ಚೂರು ಹತ್ತೊಂಬತ್ತು. ಹೋದ ವರ್ಷ ಕೇಳಿದ್ದನ್ನೇ ಕೇಳ್ತೀನಿ, ಇಲ್ಲಿ ಯಾರೂ ಇಲ್ಲ. ಎಷ್ಟು ಜೀವ?"

ಥೊಮಾಯಿಗೆ ಗೊತ್ತಿರಲಿಲ್ಲ. ಮೂಟೆಗೆ ಎಷ್ಟು ಚೂರು, ಪಟ್ಟಿಗೆ ಎಷ್ಟು, ಕೋಟಿಗೆ ಎಷ್ಟು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದವಳಿಗೆ ಇದನ್ನು ಎಣಿಸುವುದು ಹೇಗೆಂದೇ ಹೊಳೆಯಲಿಲ್ಲ, ಯಾರೂ ಕಲಿಸಿರಲಿಲ್ಲ. ಆಮೇಲೆ ಹೊಳೆಯಿತು. ಅವಳು ಚಾಕುವಿನ ಹಿಂತುದಿಯಿಂದ ಒಂದೊಂದೇ ಚೂರನ್ನು ಮುಟ್ಟುತ್ತ ಹೋದಳು. "ಇದು ಮುಂಗಾಲು, ಎಡದ್ದು. ಕೂದಲು ಹೊರಕ್ಕೆ ತಿರುಗಿದೆ ನೋಡು. ಇದೂ ಎಡ ಮುಂಗಾಲು. ಇದು ಬಲದ್ದು. ಇದು ಕಿವಿಯ ಹಿಂದಿನದು. ಮತ್ತೆ ಎಡಗಾಲು." ಎಡ ಮುಂಗಾಲುಗಳೇ ಏಳಿದ್ದವು. ನರಿಯೊಂದಕ್ಕೆ ಎಡ ಮುಂಗಾಲು ಒಂದೇ. ಏಳಕ್ಕೆ ಕಡಿಮೆ ಇಲ್ಲ. ಉಳಿದವುಗಳಲ್ಲಿ ತೊಗಲಿನ ದಪ್ಪ ಬೇರೆ, ಒಳತುಪ್ಪಳದ ಬಣ್ಣ ಬೇರೆ, ಒಂದು ಎಳೆಯದು, ಒಂದು ಕಾದಾಡಿ ಕಚ್ಚಿಸಿಕೊಂಡು ಗಾಯ ಮಾಗಿದ್ದು. ಅವಳು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು, ದನಿಯಲ್ಲಿ ಅಳುಕಿರಲಿಲ್ಲ, ಗೊತ್ತಿರುವುದನ್ನು ಹೇಳುವವರ ದನಿ. ಮಾಲಾಮಾ ತನ್ನ ಬೆರಳನ್ನೂ ತಂದು ಒಂದು ಚೂರಿನ ಮೇಲಿಟ್ಟಳು. ಅಲ್ಲಿ ಸಣ್ಣದಾಗಿ ಗುಂಡಗೆ ಕತ್ತರಿಸಿ ಮತ್ತೆ ಕೂಡಿಸಿ ಹೊಲಿದ ಗುರುತಿತ್ತು.

"ಇದೇನು?"

"ಹೊಟ್ಟೆ ಕಡೆಯದು. ಮೊಲೆತೊಟ್ಟು ಇದ್ದ ಜಾಗ. ಅಲ್ಲಿ ಕೂದಲು ಇರಲ್ಲ, ಕತ್ತರಿಸಿ ಮುಚ್ಚಬೇಕು." ನಿಲ್ಲಿಸಬಹುದಾಗಿದ್ದ ಇನ್ನೊಂದು ಕಡೆ ಅವಳು ನಿಲ್ಲಿಸಲಿಲ್ಲ. "ಹೆಣ್ಣು. ಮರಿಗೆ ಹಾಲು ಕೊಟ್ಟಿದ್ದು."

"ಹನ್ನೊಂದು" ಎಂದಳು ಥೊಮಾಯಿ ಕೊನೆಗೆ.

"ಹನ್ನೊಂದು" ಎಂದಳು ಮಾಲಾಮಾ. "ಏನೂ ಅನ್ನಿಸಲ್ವಾ ನೌನಾ ನಿಂಗೆ?"

ಈ ಹುಡುಗಿಗೆ ಬೇಕಾದ ಉತ್ತರ ಯಾವುದೆಂದು ಥೊಮಾಯಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅನ್ನಿಸುತ್ತದೆ ಎಂದರೆ ಸಾಕು. ಕಣ್ಣಲ್ಲಿ ಸ್ವಲ್ಪ ನೀರು ಬಂದರೆ ಇನ್ನೂ ಒಳ್ಳೆಯದು. ಕಿರೀಟ ಈ ಕೈಗೇ ಉಳಿಯುತ್ತಿತ್ತು. "ನರಿಗಳಿಗಾಗಿ ಇಲ್ಲ" ಎಂದಳು. "ಈವರೆಗೂ ಇಲ್ಲ. ಇದೆ ಅಂದ್ರೆ ನಿಂಗೆ ಸಮಾಧಾನ ಆಗುತ್ತೆ, ಆದ್ರೆ ನಿನ್ನ ಮೈಮೇಲೆ ಒಂದು ಸುಳ್ಳು ಹಾಕಿದ್ದು ಸಾಕು. ನಿನಗಾಗಿ ಅನ್ನಿಸುತ್ತೆ. ತುಂಬ ಅನ್ನಿಸುತ್ತೆ."

ಮಾಲಾಮಾ ತಲೆಯಾಡಿಸಿದಳು. ಎದ್ದು ಕೋಟು ಹಾಕಿಕೊಂಡಳು, ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿದಳು, ಟೋಪಿ ಎಳೆದುಕೊಂಡಳು. ಅಂಚಿಲ್ಲದ ಬರೀ ಬಟ್ಟೆಯ ಟೋಪಿಯಲ್ಲಿ ಅವಳ ಮುಖ ಬಹಳ ಚಿಕ್ಕದಾಗಿ ಕಂಡಿತು. ಬಾಗಿಲ ಹತ್ತಿರ ನಿಂತು, ತಿರುಗದೆ ಹೇಳಿದಳು, "ಮದುವೆಗೆ ಬಾ ನೌನಾ. ಮುಂದಿನ ಸಾಲಿನಲ್ಲೇ ಕೂತ್ಕೋ. ಕಿರೀಟ ಬದಲಿಸೋಕೆ ಆರ್ಗೀರಿಸ್ ಚಿಕ್ಕಪ್ಪನಿಗೇ ಹೇಳ್ತೀನಿ."

"ಸರಿ" ಎಂದಳು ಥೊಮಾಯಿ.

"ನೀನು ಹೇಳದೆ ಇದ್ದಿದ್ರೆ ನಂಗೆ ಗೊತ್ತಾಗ್ತಾನೇ ಇರಲಿಲ್ಲ."

"ಗೊತ್ತು."

ಮೆಟ್ಟಿಲ ಮೇಲೆ ಬಟ್ಟೆಯ ಬೂಟಿನ ಸದ್ದು ಕೇಳಿಸಲೇ ಇಲ್ಲ. ಕೆಳಗಿನ ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ನೋವಾಯಿತು, ಎದೆಯಲ್ಲಿ, ನೇರವಾಗಿ, ತಾಯಿ ಸತ್ತ ದಿನಕ್ಕಿಂತ ಹೆಚ್ಚಾಗಿ. ಆದರೆ ಹೇಳಬಾರದಿತ್ತು ಎಂದು ಅವಳಿಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಅವಳು ತಟ್ಟೆಗಳನ್ನು ತೊಳೆದಿಟ್ಟು, ಕೈ ಒರೆಸಿಕೊಂಡು ನಾವುಮ್‌ಗೆ ಫೋನ್ ಮಾಡಿದಳು. "ಹೊಸ ಪಟ್ಟಿ ಮೂವತ್ತು ಮುಗಿದಿವೆ, ಬಂದು ತಗೊಂಡು ಹೋಗು. ಚೀಟಿ ಇರಲ್ಲ. ನರಿ ಅಂತ ಹೇಳೇ ಮಾರು." ಆಚೆಯಿಂದ ನಾವುಮ್, ತಲೆ ಕೆಟ್ಟಿದೆಯಾ, ಯಾವನು ಕೊಳ್ತಾನೆ ಎಂದು ಕೂಗಿದ. "ಕೊಳ್ಳದಿದ್ರೆ ಬಿಡ್ಲಿ" ಎಂದು ಇಟ್ಟಳು. ಮಧ್ಯಾಹ್ನದ ಬೆಳಕು ಇನ್ನೂ ಕಿಟಕಿಯಲ್ಲಿತ್ತು. ಕೆಲಸದ ಮೇಜಿಗೆ ಕೂತು ಮೂವತ್ತು ಪಟ್ಟಿಗಳ ರಾಶಿಯನ್ನು ಹತ್ತಿರ ಎಳೆದುಕೊಂಡು, ಮೊದಲನೆಯದನ್ನು ತಿರುವಿ, ನಗುವ ನರಿಮರಿಯ ಚೀಟಿಯನ್ನು ಎರಡು ಎಳೆ ಕಡಿದು ತೆಗೆದಳು. ಅಷ್ಟು ಮಾಡಿ ಪಕ್ಕಕ್ಕಿಡುವುದಿತ್ತು. ಕಣ್ಣು ಹಾಗೆ ಇಡಗೊಡಲಿಲ್ಲ. ಎಡ ಮುಂಗಾಲು ಐದು, ಒಂದು ಹೊಟ್ಟೆ, ಎರಡು ಬೇರೆ ಕುತ್ತಿಗೆ. ಎಂಟು. ಎರಡನೆಯದನ್ನು ತಿರುವಿದಳು. ಬೇಡವೆಂದು ಮುಖ ಕಿಟಕಿಗೆ ತಿರುಗಿಸಿ, ಬೆರಳಿನಿಂದಲೇ ಚೀಟಿ ಹುಡುಕಿದಳು. ಬೆರಳೂ ಐವತ್ತು ವರ್ಷ ಕಲಿತದ್ದೇ; ಅದು ತಾನಾಗಿ ಎಣಿಸಿತು, ಒಂಬತ್ತು.